ಕಾರು ಸ್ಟಾರ್ಟ್ ಆಗದಿದ್ದರೆ: ಕಾಯಿಲ್ ವೈರಿಂಗ್ ಹುಡುಕುವ ಪಾಠ



ಈ ಸಲ ಗೋಡೆ ಪತ್ರಿಕೆಯ ವಿಜ್ಞಾನ ಅಂಕಣಕ್ಕೆ ಯಾರು ಬರೆಯುತ್ತೀರಿ ಎಂದು ಮೇಷ್ಟ್ರು ಕೇಳಿದಾಗ ನಾನು ಕೈ ಎತ್ತಿದೆ. ಎಲ್ಲರೂ ನಕ್ಕರು. ನಾನು ಬರೆಯಹೊರಟಿದ್ದು ಕಾರಿನ ಬಗ್ಗೆ. ಕಾರಿನ ವಿಷಯ ಹುಡುಗರಿಗೆ ಅಂತ ಕೆಲವರು ಅಂದರು. ಆದರೆ ಈ ಪಾಠ ನಾನು ಪುಸ್ತಕದಿಂದ ಕಲಿತಿದ್ದಲ್ಲ, ತಪ್ಪು ಮಾಡಿ ಕಲಿತಿದ್ದು. ಆದ್ದರಿಂದ ನಾನೇ ಬರೆಯಬೇಕು. ದಯವಿಟ್ಟು ಕೊನೆಯವರೆಗೂ ಓದಿ.

ನಮ್ಮ ಅಪ್ಪನ ಹತ್ತಿರ ಒಂದು ಹಳೇ ಅಂಬಾಸಿಡರ್ ಕಾರು ಇದೆ. 1986ರ ಮಾಡೆಲ್, ಪೆಟ್ರೋಲ್ ಗಾಡಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಈ ಕಾರನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದರು. 2014ರಲ್ಲಿ ತಯಾರಿಕೆ ನಿಂತಿತು. ಈಗಿನ ಕಾರುಗಳಲ್ಲಿ ಕಿಡಿ ಕೊಡುವ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಮ್ಮದರಲ್ಲಿ ಒಂದು ಕಾಯಿಲ್, ಒಂದು ಜೊತೆ ಪಾಯಿಂಟ್, ನಾಲ್ಕಾರು ವೈರ್, ಅಷ್ಟೇ. ಕಣ್ಣಿಗೆ ಕಾಣುವಂಥವು. ಹಾಗಾಗಿ ಕಲಿಯೋದಕ್ಕೆ ಹಳೇ ಗಾಡಿಯೇ ಒಳ್ಳೆಯದು.

ಕಿಡಿ ಹೇಗೆ ಹುಟ್ಟುತ್ತದೆ?

ಪೆಟ್ರೋಲ್ ಎಂಜಿನ್ ಓಡಲು ಮೂರು ಬೇಕು: ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಗಾಡಿ ಕದಲುವುದಿಲ್ಲ.

ಕಿಡಿ ಹಾರುವುದು ಪ್ಲಗ್‌ನ ತುದಿಯಲ್ಲಿ. ಅಲ್ಲಿರುವ ಸಂದು ಸುಮಾರು 0.6 ಮಿ.ಮೀ. ನೋಡಲು ಸಣ್ಣದು. ಆದರೆ ಎಂಜಿನ್ ಒಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಆ ಸಂದನ್ನು ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ನಮ್ಮ ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಈ 12ನ್ನು ಸಾವಿರಾರು ಮಾಡುವ ಡಬ್ಬಿಯೇ ಇಗ್ನಿಷನ್ ಕಾಯಿಲ್.

ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳಿವೆ. ಒಂದು ದಪ್ಪ ತಂತಿಯದು, ಕೆಲವು ನೂರು ಸುತ್ತು. ಇದು ಪ್ರೈಮರಿ. ಇನ್ನೊಂದು ಕೂದಲಿನಂಥ ತಂತಿಯದು, ಸಾವಿರಾರು ಸುತ್ತು. ಇದು ಸೆಕೆಂಡರಿ. ಪ್ರೈಮರಿಯಲ್ಲಿ ಕರೆಂಟ್ ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ. ಆ ಕರೆಂಟನ್ನು ಥಟ್ಟನೆ ಕಡಿದರೆ ಅಯಸ್ಕಾಂತ ಶಕ್ತಿ ಒಮ್ಮೆಲೇ ಕುಸಿಯುತ್ತದೆ. ಕುಸಿಯುವಾಗ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಇದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ. ಇದನ್ನು ಬ್ಯಾಟರಿ, ಕಾಯಿಲ್, ಪಾಯಿಂಟ್ ಎಂಬ ಜೋಡಣೆಯಾಗಿ ಕಾರಿಗೆ ಅಳವಡಿಸಿದವರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮುಖ್ಯರು. ಅದು 1910ರ ಸುಮಾರಿಗೆ.

ಒಂದು ಮಾತು ನೆನಪಿಡಿ: ಕಿಡಿ ಬರುವುದು ಕರೆಂಟ್ ಕೊಟ್ಟಾಗ ಅಲ್ಲ, ಕಡಿದಾಗ. ಕಡಿಯುವ ಕೆಲಸ ಪಾಯಿಂಟ್‌ನದು. ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಲೋಹದ ಬೊಟ್ಟುಗಳು ಕೂಡುತ್ತ ಬಿಡುತ್ತ ಇರುತ್ತವೆ. ಬಿಟ್ಟಾಗ ಇರಬೇಕಾದ ಸಂದು ಸುಮಾರು 0.4 ಮಿ.ಮೀ. ಅವುಗಳ ಪಕ್ಕದಲ್ಲಿರುವ ಪುಟ್ಟ ಕಂಡೆನ್ಸರ್, ಪಾಯಿಂಟ್ ಬಾಯಲ್ಲಿ ಕಿಡಿ ಹಾರಿ ಸುಟ್ಟುಹೋಗದಂತೆ ಕಾಯುತ್ತದೆ. ಕರೆಂಟ್ ಚೊಕ್ಕವಾಗಿ ಕಡಿಯುವಂತೆಯೂ ಮಾಡುತ್ತದೆ.

ಒಂದು ಲೆಕ್ಕ ಮಾಡೋಣ. ನಾಲ್ಕು ಸಿಲಿಂಡರಿನ ಈ ಎಂಜಿನ್ ಒಂದು ಸುತ್ತು ತಿರುಗಿದರೆ 2 ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ಅಂದರೆ 6000 ಕಿಡಿ. ಸೆಕೆಂಡಿಗೆ 100! ಅಷ್ಟನ್ನೂ ಈ ಒಂದು ಡಬ್ಬಿಯೇ ಕೊಡಬೇಕು.

ವೈರ್ ಹೋಗುವ ದಾರಿ

ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಹುಡುಕುವಾಗ ಇದೇ ನಮಗೆ ನಕ್ಷೆ.

ಸಣ್ಣ ವೋಲ್ಟಿನ ದಾರಿ: ಬ್ಯಾಟರಿ → ಕೀ → ಕಾಯಿಲ್‌ನ + ತುದಿ → ಪ್ರೈಮರಿ ಸುರುಳಿ → ಕಾಯಿಲ್‌ನ − ತುದಿ → ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ → ಬಾಡಿ → ಬ್ಯಾಟರಿ.

ದೊಡ್ಡ ವೋಲ್ಟಿನ ದಾರಿ: ಕಾಯಿಲ್‌ನ ನಡುತೂತು → ದಪ್ಪ ವೈರ್ → ಡಿಸ್ಟ್ರಿಬ್ಯೂಟರ್ ಕ್ಯಾಪ್ → ರೋಟರ್ → ಪ್ಲಗ್ ವೈರ್ → ಪ್ಲಗ್ → ಬಾಡಿ.

ಹಳೇ ಕಾಯಿಲ್‌ಗಳ ಮೇಲೆ + ಮತ್ತು − ಬದಲು ಎಸ್.ಡಬ್ಲ್ಯು. ಮತ್ತು ಸಿ.ಬಿ. ಎಂದು ಇರುತ್ತದೆ. ಎಸ್.ಡಬ್ಲ್ಯು. ಎಂದರೆ ಸ್ವಿಚ್, ಅಂದರೆ ಕೀ ಕಡೆಯಿಂದ ಬರುವ ವೈರ್. ಸಿ.ಬಿ. ಎಂದರೆ ಪಾಯಿಂಟ್ ಕಡೆಗೆ ಹೋಗುವ ವೈರ್. ನಮ್ಮ ಗಾಡಿಯಲ್ಲಿ ಕೀ ಕಡೆಯದು ಬಿಳಿ, ಪಾಯಿಂಟ್ ಕಡೆಯದು ಬಿಳಿಯ ಮೇಲೆ ಕಪ್ಪು ಗೆರೆ. ಆದರೆ ಹಳೇ ಗಾಡಿಯಲ್ಲಿ ಬಣ್ಣ ನಂಬಬಾರದು. ಮೂವತ್ತು ನಲವತ್ತು ವರ್ಷದಲ್ಲಿ ಯಾರು ಯಾರೋ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ.

ಆ ರಾತ್ರಿ ನಡೆದದ್ದು

ಹೋದ ಮಳೆಗಾಲದ ಒಂದು ಭಾನುವಾರ. ಮಾರನೇ ದಿನ ಕಾರಿಗೆ ಮದುವೆ ಬಾಡಿಗೆ ಇತ್ತು. ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದರು. ನಾನು ಕಾರು ತೊಳೆದು, ಹಾಗೇ ಬಾನೆಟ್ ಎತ್ತಿ ಒಳಗೂ ಒರೆಸಿದೆ. ಕಾಯಿಲ್ ಡಬ್ಬಿ ಎಣ್ಣೆ ಧೂಳು ಹಿಡಿದು ಕರ‍್ರಗಿತ್ತು. ಅದನ್ನು ಹಿಡಿದಿರುವ ಪಟ್ಟಿಯ ಎರಡು ಬೋಲ್ಟ್ ಬಿಚ್ಚಿ, ವೈರ್ ಕಳಚಿ, ಸೀಮೆಎಣ್ಣೆ ಬಟ್ಟೆಯಲ್ಲಿ ಫಳಫಳ ಮಾಡಿ, ಮತ್ತೆ ಕೂರಿಸಿ ಬೋಲ್ಟ್ ಬಿಗಿ ಮಾಡಿದೆ. ಯಾವ ವೈರ್ ಎಲ್ಲಿತ್ತು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದು ಸರಿಯಾಗಿಯೇ ಇತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ ಒಂದು ಸಲ ಸ್ಟಾರ್ಟ್ ಮಾಡಿ ನೋಡಲಿಲ್ಲ. ಕೀ ಅಪ್ಪನ ಜೇಬಿನಲ್ಲಿತ್ತು.

ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆ ಅಜ್ಜಿಗೆ ಉಬ್ಬಸ ಜೋರಾಯಿತು. ಮಾತಾಡೋಕೂ ಆಗುತ್ತಿರಲಿಲ್ಲ. ಅಪ್ಪ ಓಡಿಹೋಗಿ ಕಾರಿಗೆ ಕೀ ಹಾಕಿದರು. ಸೆಲ್ಫ್ ಚೆನ್ನಾಗಿ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಜಡಿಮಳೆ ಇದ್ದದ್ದರಿಂದ ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗೆ ತೇವ ಹೋಗಿದೆ ಅಂದುಕೊಂಡು ಅಪ್ಪ ಟಾರ್ಚ್ ಬೆಳಕಿನಲ್ಲಿ ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿದರು. ಹಿಡಿಯಲಿಲ್ಲ. ಕಾರ್ಬೊರೇಟರ್‌ಗೆ ಪೆಟ್ರೋಲ್ ಬರುತ್ತಿದೆಯಾ ನೋಡಿದರು. ಬರುತ್ತಿತ್ತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು. ಕೇರಿಯ ಗಂಡಸರೆಲ್ಲ ಸೇರಿ ಮಳೆಯಲ್ಲಿ ತಳ್ಳಿದರು. ತಳ್ಳಿದರೂ ಕಿಡಿಯೇ ಇಲ್ಲದ ಗಾಡಿ ಹೇಗೆ ಹಿಡಿದೀತು? ಆಂಬುಲೆನ್ಸಿಗೂ ಫೋನ್ ಮಾಡಿದ್ದಾಯಿತು. ಹಳ್ಳಕ್ಕೆ ನೀರು ಬಂದು ಅದು ಸುತ್ತು ಹಾಕಿಕೊಂಡು ಬರಬೇಕಿತ್ತು. ಕೊನೆಗೆ ಆಚೆ ಊರಿನಿಂದ ಒಂದು ಜೀಪು ಬಂತು. ಅಷ್ಟು ಹೊತ್ತಿಗೆ ಒಂದು ಗಂಟೆ ಮೇಲಾಗಿತ್ತು. ಆ ಒಂದು ಗಂಟೆ ಅಜ್ಜಿ ಜಗಲಿ ಮೇಲೆ ಕಂಬ ಹಿಡಿದು ಕೂತು ಉಸಿರು ಎಳೆಯುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

ನಾನು ಅಲ್ಲೇ ಕೊಡೆ ಹಿಡಿದು ನಿಂತಿದ್ದೆ. ಮಧ್ಯಾಹ್ನ ಕಾಯಿಲ್ ಬಿಚ್ಚಿದ್ದು ನಾನೇ ಅಂತ ಬಾಯಿ ಬಿಡಲಿಲ್ಲ. ವೈರ್ ಸರಿಯಾಗಿ ಹಾಕಿದ್ದೀನಲ್ಲ, ಅದರಿಂದ ಆಗಿರಲಿಕ್ಕಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಬೈಗುಳದ ಭಯವೂ ಇತ್ತು.

ಬೆಳಿಗ್ಗೆ ಹುಡುಕಿದ ಬಗೆ

ಅಜ್ಜಿ ಉಳಿದರು ಅಂತ ಆಸ್ಪತ್ರೆಯಿಂದ ಸುದ್ದಿ ಬಂತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂತ ಡಾಕ್ಟರು ಅಂದರಂತೆ. ಮದುವೆ ಬಾಡಿಗೆಗೆ ಬೇರೆ ಕಾರು ಹೋಯಿತು. ಅಪ್ಪ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿ ನನ್ನನ್ನು ಕರೆದರು. "ಬಾ ಪುಟ್ಟಿ, ಲೈಟ್ ಹಿಡಿ. ಗಾಡಿ ಹುಡುಕೋದು ಅಂದ್ರೆ ಕಂಡಿದ್ದೆಲ್ಲ ಬಿಚ್ಚೋದಲ್ಲ. ಒಂದೊಂದೇ ಪ್ರಶ್ನೆ ಕೇಳ್ಕೊಂಡು ಹೋಗ್ಬೇಕು. ಮೊದಲ್ನೇ ಪ್ರಶ್ನೆ: ಮೊನ್ನೆ ಓಡ್ತಿದ್ದ ಗಾಡಿ ನಿನ್ನೆ ನಿಂತಿದೆ. ನಡುವೆ ಏನಾಯ್ತು?" ಅಂದರು.

ನಾನು ಆಗಲೂ ಸುಮ್ಮನಿದ್ದೆ.

ಸಾಮಾನು ಹೆಚ್ಚು ಬೇಕಾಗಿಲ್ಲ. 12 ವೋಲ್ಟಿನ 5 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿದರೆ ಟೆಸ್ಟ್ ಲ್ಯಾಂಪ್ ಆಯಿತು. ಒಂದು ಸ್ಪ್ಯಾನರ್, ರಬ್ಬರ್ ಹಿಡಿಯ ಇಕ್ಕಳ, ಒಂದು ತುಂಡು ದಪ್ಪ ಕಾಗದ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಬೇಕು.

ಹೆಜ್ಜೆ 1. ಕಿಡಿ ಇದೆಯೇ? ಕ್ಯಾಪ್‌ನ ನಡುವಿನಿಂದ ದಪ್ಪ ವೈರನ್ನು ಕಳಚಿ, ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಲೋಹದಿಂದ ಸುಮಾರು 6 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಯಬೇಕು. ಚಟಚಟ ಅಂತ ನೀಲಿ ಕಿಡಿ ಬಂದರೆ ಕಾಯಿಲ್ ಸರಿ ಇದೆ. ತಪ್ಪು ಮುಂದೆ ಕ್ಯಾಪ್, ರೋಟರ್, ಪ್ಲಗ್ ಕಡೆ ಇದೆ. ಬಾರದಿದ್ದರೆ ತಪ್ಪು ಹಿಂದೆ. ನಮಗೆ ಕಿಡಿ ಬರಲಿಲ್ಲ. ಒಂದೇ ಪರೀಕ್ಷೆಯಲ್ಲಿ ಅರ್ಧ ಗಾಡಿ ಲೆಕ್ಕದಿಂದ ಹೋಯಿತು, ನೋಡಿ! ರಾತ್ರಿ ಕ್ಯಾಪ್ ಒರೆಸುವ ಬದಲು ಇದನ್ನೇ ಮೊದಲು ಮಾಡಬೇಕಿತ್ತು ಅಂತ ಅಪ್ಪ ತಮ್ಮನ್ನೇ ಬೈದುಕೊಂಡರು.

ಹೆಜ್ಜೆ 2. ಕಾಯಿಲ್‌ಗೆ ಕರೆಂಟ್ ಬರುತ್ತಿದೆಯೇ? ಲ್ಯಾಂಪಿನ ಒಂದು ವೈರ್ ಬಾಡಿಗೆ, ಇನ್ನೊಂದು ಕಾಯಿಲ್‌ನ + ತುದಿಗೆ. ಕೀ ಹಾಕಿದಾಗ ಉರಿಯಬೇಕು. ಉರಿಯದಿದ್ದರೆ ಕೀ ಅಥವಾ ಅಲ್ಲಿಂದ ಬರುವ ವೈರ್ ಕೆಟ್ಟಿದೆ. ನಮ್ಮದು ಉರಿಯಿತು.

ಹೆಜ್ಜೆ 3. ಕಾಯಿಲ್ ದಾಟಿ ಬರುತ್ತಿದೆಯೇ? ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಪಾಯಿಂಟಿನ ಬಾಯಲ್ಲಿ ದಪ್ಪ ಕಾಗದ ಇಟ್ಟು ಅವು ಕೂಡದಂತೆ ಮಾಡಬೇಕು. ಈಗ ಲ್ಯಾಂಪನ್ನು ಕಾಯಿಲ್‌ನ − ತುದಿಗೆ ಮುಟ್ಟಿಸಿದರೆ ಕೊಂಚ ಮಂಕಾಗಿ ಉರಿಯಬೇಕು. ಕಾಗದ ತೆಗೆದು ಪಾಯಿಂಟ್ ಕೂಡಿದಾಗ ಆರಬೇಕು, ಯಾಕೆಂದರೆ ಕರೆಂಟಿಗೆ ಪಾಯಿಂಟ್ ಮೂಲಕ ಬಾಡಿಗೆ ಇಳಿಯಲು ಸಲೀಸು ದಾರಿ ಸಿಕ್ಕಿತು. ಕೂಡಿದಾಗಲೂ ಉರಿಯುತ್ತಲೇ ಇದ್ದರೆ ಪಾಯಿಂಟ್ ಬಾಯಿ ಸುಟ್ಟು ಕೊಳೆಯಾಗಿದೆ, ಇಲ್ಲವೇ ಪಾಯಿಂಟಿಗೆ ಹೋಗುವ ವೈರ್ ತುಂಡಾಗಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಕಾಗದ ಇಟ್ಟರೂ ಲ್ಯಾಂಪ್ ಉರಿಯಲೇ ಇಲ್ಲ.

ಇಲ್ಲಿ ಅವಸರದವರು ಕಾಯಿಲ್ ಹೋಗಿದೆ ಅಂತ ಹೊಸದು ತರುತ್ತಾರೆ. ಅಪ್ಪ ತಡೆದರು. ಲ್ಯಾಂಪ್ ಉರಿಯದಿರಲು ಎರಡು ಕಾರಣ ಇರಬಹುದು. ಒಂದು, ಕಾಯಿಲ್ ಒಳಗೆ ಪ್ರೈಮರಿ ತಂತಿ ಕಡಿದಿರಬಹುದು. ಎರಡು, ಕಾಯಿಲ್ ದಾಟಿದ ಕರೆಂಟ್ ಎಲ್ಲೋ ಬಾಡಿಗೆ ಸೋರುತ್ತಿರಬಹುದು. ಎರಡನ್ನೂ ಬೇರೆ ಮಾಡಬೇಕು.

ಹೆಜ್ಜೆ 4. ಕೀ ತೆಗೆದು, ಕಾಯಿಲ್‌ನ − ತುದಿಯಿಂದ ಪಾಯಿಂಟ್ ಕಡೆಯ ವೈರನ್ನು ಕಳಚಿದೆವು. ಮತ್ತೆ ಕೀ ಹಾಕಿ ಬರೀ ತುದಿಗೆ ಲ್ಯಾಂಪ್ ಮುಟ್ಟಿಸಿದೆವು. ಉರಿಯಿತು! ಅಂದರೆ ಪ್ರೈಮರಿ ಕಡಿದಿಲ್ಲ. ಸೋರಿಕೆ ಮುಂದೆ ಇದೆ.

ಹೆಜ್ಜೆ 5. ಆ ವೈರನ್ನು ಕಾಯಿಲ್‌ಗೆ ಮತ್ತೆ ಹಾಕಿ, ಈಗ ಡಿಸ್ಟ್ರಿಬ್ಯೂಟರ್ ಕಡೆಯ ತುದಿಯನ್ನು ಕಳಚಿ ಗಾಳಿಯಲ್ಲಿ ಬಿಟ್ಟೆವು. ಲ್ಯಾಂಪ್ ಈಗ ಉರಿದಿದ್ದರೆ ತಪ್ಪು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಅಥವಾ ಕಂಡೆನ್ಸರಿನದು. ಉರಿಯಲಿಲ್ಲ. ಅಂದರೆ ಪಾಯಿಂಟೂ ಅಲ್ಲ, ಕಂಡೆನ್ಸರೂ ಅಲ್ಲ. ಉಳಿದದ್ದು ಒಂದೇ: ಆ ಒಂದೂವರೆ ಅಡಿ ವೈರ್.

ಅಪ್ಪ ಕೀ ತೆಗೆದು, ವೈರಿನ ಮೇಲೆ ಬೆರಳಾಡಿಸುತ್ತ ಬಂದರು. ಕಾಯಿಲ್ ಹಿಡಿದಿರುವ ಪಟ್ಟಿಯ ಹತ್ತಿರ ಬೆರಳು ನಿಂತಿತು. ವೈರ್ ಪಟ್ಟಿಯ ಅಡಿಗೆ ಸಿಕ್ಕಿಹಾಕಿಕೊಂಡಿತ್ತು. ಬೋಲ್ಟ್ ಬಿಗಿ ಮಾಡಿದಾಗ ಪಟ್ಟಿಯ ಅಂಚು ವೈರಿನ ಮೈ ಕೊಯ್ದು ಒಳಗಿನ ತಾಮ್ರ ಬಾಡಿಗೆ ಮುಟ್ಟಿತ್ತು. ಪಾಯಿಂಟ್ ಎಷ್ಟು ಸಲ ಬಿಟ್ಟರೂ ಕರೆಂಟ್ ಕಡಿಯುತ್ತಲೇ ಇರಲಿಲ್ಲ. ಕಡಿಯದಿದ್ದರೆ ಕಿಡಿ ಎಲ್ಲಿಂದ?

ಫ್ಯೂಸ್ ಹೋಗಲಿಲ್ಲ, ಹೊಗೆ ಬರಲಿಲ್ಲ ಯಾಕೆ ಅಂತ ಕೇಳಬಹುದು. ನಮ್ಮಂಥ ಕಾಯಿಲ್‌ನ ಪ್ರೈಮರಿಗೆ ಸುಮಾರು 3 ಓಮ್ ರೋಧ ಇದೆ. 12 ÷ 3 = 4 ಆಂಪಿಯರ್. ಬಾಡಿಗೆ ಮುಟ್ಟಿದರೂ ಅದಕ್ಕಿಂತ ಹೆಚ್ಚು ಹರಿಯುವುದಿಲ್ಲ. ಆದರೆ 12 × 4 = 48 ವ್ಯಾಟ್ ಶಾಖ ಕಾಯಿಲ್ ಒಳಗೇ ಉಳಿಯುತ್ತದೆ. ನಾವು ಹುಡುಕಿ ಮುಗಿಸುವ ಹೊತ್ತಿಗೆ ಡಬ್ಬಿ ಕೈಗೆ ಚುರುಕ್ ಅನ್ನುವಷ್ಟು ಬಿಸಿಯಾಗಿತ್ತು. ಇದು ಸದ್ದು ಮಾಡದ ತಪ್ಪು.

ಅಪ್ಪ ಫಳಫಳ ಹೊಳೆಯುತ್ತಿದ್ದ ಕಾಯಿಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನಗೆ ಅಳು ಬಂತು. "ನಾನೇ ಅಪ್ಪಾ, ನಿನ್ನೆ ಮಧ್ಯಾಹ್ನ ಬಿಚ್ಚಿದ್ದೆ" ಅಂದೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. "ರಾತ್ರಿ ಹೇಳಿದ್ರೆ ಐದು ನಿಮಿಷದ ಕೆಲ್ಸ ಆಗಿತ್ತಲ್ಲ ಮಗಳೇ" ಅಂದರು, ಅಷ್ಟೇ. ಏಟು ತಿಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ರಿಪೇರಿ ನನ್ನ ಕೈಯಲ್ಲೇ ಮಾಡಿಸಿದರು. ಕೊಯ್ದ ವೈರಿಗೆ ಬರೀ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಟೇಪ್ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಹೊಸ ವೈರನ್ನೇ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೂರಿಸಿ, ಪಟ್ಟಿಯಿಂದ ದೂರ ಹಾದುಹೋಗುವಂತೆ ಕಟ್ಟಿದೆವು. ಪಾಯಿಂಟಿನಿಂದ ಕಾಗದ ತೆಗೆದು, ಕ್ಯಾಪ್ ಮತ್ತು ದಪ್ಪ ವೈರ್ ಕೂರಿಸಿ ಸೆಲ್ಫ್ ಹೊಡೆದರೆ ಮೊದಲ ಸಲಕ್ಕೇ ಗಾಡಿ ಹಿಡಿಯಿತು.

+ ಮತ್ತು − ಅದಲುಬದಲಾದರೆ?

ಇದು ಬಹಳ ಜನ ಮಾಡುವ ತಪ್ಪು. ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲಾದರೂ ಕಿಡಿ ಬರುತ್ತದೆ, ಗಾಡಿ ಹಿಡಿಯಲೂಬಹುದು. ಆದರೆ ಚಳಿಗೆ, ಮಳೆಗೆ ತೊಂದರೆ ಕೊಡುತ್ತದೆ. ಪ್ಲಗ್‌ನ ನಡುಗಡ್ಡಿ ಬಿಸಿಯಾಗಿರುತ್ತದೆ. ಬಿಸಿ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಆದ್ದರಿಂದ ನಡುಗಡ್ಡಿ ಋಣ ತುದಿಯಾಗಿರುವಂತೆ ಕಾಯಿಲ್ ಜೋಡಿಸಿರುತ್ತಾರೆ. ತಿರುಗುಮುರುಗಾದರೆ ಅದೇ ಕಿಡಿಗೆ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಕೆಲವು ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ + ತುದಿಯನ್ನೇ ಬಾಡಿಗೆ ಕೊಟ್ಟಿರುತ್ತಾರೆ. ಅಲ್ಲಿ ಕಾಯಿಲ್ ಜೋಡಣೆಯೂ ಉಲ್ಟಾ. ಮೊದಲು ಬ್ಯಾಟರಿ ನೋಡಿ, ಆಮೇಲೆ ಕಾಯಿಲ್ ಮುಟ್ಟಿ.

ಇನ್ನೊಂದು ವಿಷಯ. ಕೆಲವು ಗಾಡಿಗಳಲ್ಲಿ ಕಾಯಿಲ್‌ಗೆ ಮೊದಲು ಬೇರೆ ರೋಧಕ ಇರುತ್ತದೆ. ಆ ಕಾಯಿಲ್‌ನ ಪ್ರೈಮರಿ ಸುಮಾರು 1.5 ಓಮ್ ಮಾತ್ರ. ಅದನ್ನು ರೋಧಕ ಇಲ್ಲದ ಗಾಡಿಗೆ ಹಾಕಿದರೆ ಬಿಸಿಯಾಗಿ ಪಾಯಿಂಟ್ ಸುಡುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ.

ಎಚ್ಚರಿಕೆಗಳು

1. ವೈರ್ ಕಳಚುವ ಮೊದಲು, ಹಾಕುವ ಮೊದಲು ಕೀ ತೆಗೆಯಿರಿ.
2. ಕಿಡಿ ನೋಡುವಾಗ ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ದಪ್ಪ ವೈರನ್ನು ಬರಿಗೈಲಿ ಹಿಡಿಯಬಾರದು. ದೊಡ್ಡವರು ಜೊತೆಗೆ ಇರಲೇಬೇಕು.
3. ಸೆಲ್ಫ್ ಹೊಡೆಯುವಾಗ ಜಡೆ, ದುಪಟ್ಟಾ, ಸಡಿಲ ತೋಳು ಫ್ಯಾನ್ ಬೆಲ್ಟಿನ ಹತ್ತಿರ ಇರಬಾರದು.
4. ಎಂಜಿನ್ ಓಡದೆ ಕೀ ಹಾಕಿ ಬಿಡಬೇಡಿ. ಪಾಯಿಂಟ್ ಕೂಡಿದ್ದರೆ ಕಾಯಿಲ್ ಸುಮ್ಮನೆ ಕಾಯುತ್ತದೆ.
5. ಹೊಸ ಎಲೆಕ್ಟ್ರಾನಿಕ್ ಗಾಡಿಗಳಲ್ಲಿ ವೈರ್ ಕಳಚಿ ಕಿಡಿ ನೋಡಬೇಡಿ. ವೋಲ್ಟ್ ಇನ್ನೂ ಹೆಚ್ಚು. ಬೆಲೆಬಾಳುವ ಭಾಗವೂ ಕೆಡಬಹುದು.
6. ಏನನ್ನಾದರೂ ಬಿಚ್ಚಿ ಜೋಡಿಸಿದ ಮೇಲೆ ಅಲ್ಲೇ ಒಂದು ಸಲ ಸ್ಟಾರ್ಟ್ ಮಾಡಿ ನೋಡಿ.

ಕೊನೆಯ ಮಾತು

ಮೂರು ದಿನದ ಮೇಲೆ ಅಜ್ಜಿ ಮನೆಗೆ ಬಂದರು. ಅಪ್ಪ ಹೇಳು ಅನ್ನಲಿಲ್ಲ, ನಾನೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೈ ತಪ್ಪು ಎಲ್ರಿಗೂ ಆಯ್ತದೆ ಕಣವ್ವಾ. ಬಾಯಿ ಕಟ್ಕೊಂಡ್ಯಲ್ಲಾ, ಅದು ತಪ್ಪು. ಇನ್ಮೇಲೆ ಹಂಗೆ ಮಾಡ್ಬ್ಯಾಡ" ಅಂದರು. ಮತ್ತೆ, "ಅದ್ಸರಿ, ಆ ಡಬ್ಬಿ ಒಳಗೆ ಅಂಥದ್ದೇನೈತೆ?" ಅಂತ ಕೇಳಿದರು. ಜಗಲಿ ಮೇಲೆ ಕೂತು ಸೀಮೆಸುಣ್ಣದಲ್ಲಿ ಬರೆದು ಬರೆದು ತೋರಿಸಿದೆ. ಅಜ್ಜಿಗೆ ಹೇಳಿದ್ದನ್ನೇ ಇಲ್ಲಿ ನಿಮಗೆ ಬರೆದಿದ್ದೇನೆ.

ಗಾಡಿ ಹುಡುಕುವಾಗ ಮೊದಲ ಪ್ರಶ್ನೆ ಯಾವುದು ಎಂಬುದನ್ನು ಮರೆಯಬೇಡಿ: ಕೊನೆಯಲ್ಲಿ ಯಾರು ಏನನ್ನು ಮುಟ್ಟಿದರು? ಉತ್ತರ ನಿಮ್ಮ ಹತ್ತಿರವೇ ಇದ್ದರೆ ಅದನ್ನು ತಕ್ಷಣ ಹೇಳಿಬಿಡಿ. ಟೆಸ್ಟ್ ಲ್ಯಾಂಪ್ ಆಮೇಲೆ.

ಉತ್ತರಿಸಿ ನೋಡೋಣ

1. ಕಿಡಿ ಬರುವುದು ಪಾಯಿಂಟ್ ಕೂಡಿದಾಗಲೋ ಬಿಟ್ಟಾಗಲೋ? ಯಾಕೆ?
2. ಪಾಯಿಂಟ್ ಬಾಯಲ್ಲಿ ಕಾಗದ ಇಟ್ಟಾಗ 5 ವ್ಯಾಟ್ ಲ್ಯಾಂಪ್ + ತುದಿಗಿಂತ − ತುದಿಯಲ್ಲಿ ಕೊಂಚ ಮಂಕಾಗಿ ಉರಿಯುತ್ತದೆ. ಯಾಕೆ? (ಸುಳಿವು: ಸರಣಿ ಜೋಡಣೆ.)
3. ಡಿಸ್ಟ್ರಿಬ್ಯೂಟರ್ ಕಡೆಯ ವೈರ್ ಕಳಚಿದ ಕೂಡಲೇ ಲ್ಯಾಂಪ್ ಉರಿದಿದ್ದರೆ ನೀವು ಯಾವ ಎರಡು ಭಾಗಗಳನ್ನು ಅನುಮಾನಿಸುತ್ತೀರಿ?

ಉತ್ತರಗಳನ್ನು ಬರೆದು ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಬರೆದವರಿಗೆ ನಮ್ಮ ಕಾರಿನ ಬಾನೆಟ್ ಎತ್ತಿ ಕಾಯಿಲ್ ತೋರಿಸುತ್ತೇನೆ. ಅಪ್ಪ ಒಪ್ಪಿದ್ದಾರೆ. ಮುಟ್ಟೋದು ಮಾತ್ರ ಅವರನ್ನು ಕೇಳಿಯೇ!

ಇತಿ,
10ನೇ ತರಗತಿಯ ವಿದ್ಯಾರ್ಥಿನಿ